ಅಕ್ಕನಿಗೆ ಬಂದದ್ದು ತಂಗಿಗೂ ಬರುತ್ತದೆಯೇ?

(ಬಲಸಮುದ್ರದಲ್ಲಿ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಮಾತನಾಡಲು ಕರೆದಾಗಲೆಲ್ಲ ಎಸ್ಸೆಸ್ಸೆಲ್ಸಿ ಫಲಿತಾಂಶದ ಬಗ್ಗೆ ಹೇಳಿ, ಮಕ್ಕಳ ಕನ್ನಡ ಸುಧಾರಿಸುವ ಬಗ್ಗೆ ಹೇಳಿ ಎನ್ನುತ್ತಾರೆ. ಈ ಸಲ ಬೇರೆ ವಿಷಯಕ್ಕೆ ಅನುಮತಿ ಕೇಳಿದೆ. ನಾನು ವೈದ್ಯನಲ್ಲ. ಬಿ.ಇಡ್. ಮುಗಿಸಿ ಉರ್ದು ಮತ್ತು ಕನ್ನಡ ಕಲಿಸುವ ಸಾಮಾನ್ಯ ಶಿಕ್ಷಕ. ಆದರೆ ಒಬ್ಬ ತಂದೆ ನನಗೆ ಒಂದು ಪ್ರಶ್ನೆ ಕೇಳಿದರು. ಅದಕ್ಕೆ ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಓದಿದೆ, ವೈದ್ಯರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಏಳನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಚುರುಕಾದ ಮಗು. ಆ ಬೇಸಿಗೆಯಲ್ಲಿ ಅವಳು ಪಾಠದ ಮಧ್ಯೆ ಪದೇ ಪದೇ ಎದ್ದು ಮೂತ್ರಕ್ಕೆ ಹೋಗಲು ಕೇಳತೊಡಗಿದಳು. ಬಂದವಳೇ ಬಾಟಲಿ ತುಂಬ ನೀರು ಕುಡಿಯುವಳು. ಮೂರನೇ ಸಲ ಕೇಳಿದ ದಿನ ನಾನು ಇಡೀ ತರಗತಿಯ ಎದುರು ಗದರಿಸಿದೆ. "ಪಾಠ ತಪ್ಪಿಸಲು ಒಳ್ಳೆಯ ನೆಪ" ಎಂದೆ. ಅವಳು ಮತ್ತೆ ಕೇಳಲಿಲ್ಲ. ಅದಾದ ಹತ್ತು ದಿನಕ್ಕೆ ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ಮೈ ಇಳಿದಿದೆ, ವಾಂತಿ, ಹೊಟ್ಟೆನೋವು ಎಂದರು. ಯಾರೋ ನಜರ್ ತಗಲಿದೆ ಎಂದರು, ದಮ್ ಮಾಡಿಸಿದ ನೀರು ಕುಡಿಸಿದರು. ಉಸಿರು ಜೋರಾಗಿ, ಪ್ರಜ್ಞೆ ಮಸುಕಾದಾಗ ತುಮಕೂರಿಗೆ ಕರೆದೊಯ್ದರು. ಅಲ್ಲಿ ರಕ್ತದ ಸಕ್ಕರೆ ನೋಡಿದ ತಕ್ಷಣ ವಿಷಯ ತಿಳಿಯಿತು. ಅಲ್‌ಹಮ್ದುಲಿಲ್ಲಾಹ್, ಮಗು ಉಳಿಯಿತು. ಒಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಅಲ್ಲಿನ ವೈದ್ಯರು ಹೇಳಿದರಂತೆ. ನಾನು ಗದರಿಸಿದ ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅವಳಿಗೆ ಬಂದದ್ದು ಟೈಪ್ 1 ಮಧುಮೇಹ. ನಮ್ಮ ಮನೆಯ ಹಿರಿಯರಿಗೆ ಇರುವ ಸಕ್ಕರೆ ಕಾಯಿಲೆಗೂ ಇದಕ್ಕೂ ಹೆಸರು ಒಂದೇ, ಹುಟ್ಟು ಬೇರೆ. ಸಿಹಿ ತಿಂದದ್ದರಿಂದ ಇದು ಬರುವುದಿಲ್ಲ. ದೇಹದ ರೋಗನಿರೋಧಕ ಕೋಶಗಳೇ ಮೇದೋಜೀರಕ ಗ್ರಂಥಿಯಲ್ಲಿರುವ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಶತ್ರುವೆಂದು ತಿಳಿದು ನಾಶಮಾಡುತ್ತವೆ. ಇಂಥವನ್ನು ಆಟೋ ಇಮ್ಯೂನ್ ಕಾಯಿಲೆಗಳು ಎನ್ನುತ್ತಾರೆ. ಕೀಲುಗಳ ಮೇಲೆ ದಾಳಿಯಾದರೆ ರುಮಟಾಯ್ಡ್ ಕೀಲುವಾತ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ಆದರೆ ತೊನ್ನು, ಥೈರಾಯ್ಡ್ ಗ್ರಂಥಿಯ ಮೇಲೆ ಆದರೆ ಥೈರಾಯ್ಡ್ ತೊಂದರೆ. ಒಂದೇ ಮನೆಯಲ್ಲಿ ಒಬ್ಬರಿಗೆ ಥೈರಾಯ್ಡ್, ಇನ್ನೊಬ್ಬರಿಗೆ ತೊನ್ನು ಇರುವುದನ್ನು ನೀವೂ ಕಂಡಿರಬಹುದು. ಇವುಗಳಲ್ಲಿ ಯಾವುದೂ ಮುಟ್ಟಿದರೆ ಅಂಟುವುದಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಗೆ ಹೋದೆ. ತಂದೆ ಕಡಲೆಕಾಯಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಒಳಗೆ ದಾದಿಯವರ ದನಿ ಕೇಳುತ್ತಿತ್ತು. ಇದು ನಮ್ಮ ಖಾಂದಾನಿನದಲ್ಲ, ಸೊಸೆಯ ಕಡೆಯಿಂದ ಬಂದದ್ದು ಎನ್ನುತ್ತಿದ್ದರು. ದೊಡ್ಡ ಮಗಳಿಗೆ ಮಾತಾಗಿದ್ದ ರಿಷ್ತಾ ಅದೇ ವಾರ ಮುರಿದಿತ್ತು. ಆರು ವರ್ಷದ ಕಿರಿಯ ಮಗಳು ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ಚಹಾ ಕೊಟ್ಟು, ತಂದೆ ದನಿ ತಗ್ಗಿಸಿ ಕೇಳಿದರು: "ಮಾಸ್ಟರ್ ಸಾಬ್, ಚಿಕ್ಕವಳಿಗೂ ಬರುತ್ತಾ?"

ಇದೇ ಆ ಪ್ರಶ್ನೆ.

ಉತ್ತರಕ್ಕೆ ಮೊದಲು ನಮ್ಮ ರಕ್ತದಲ್ಲಿ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ತಿಳಿಯಬೇಕು. ಬಿಳಿ ರಕ್ತಕಣಗಳಲ್ಲಿ ಟಿ-ಕೋಶಗಳೆಂಬ ಒಂದು ಜಾತಿ ಇದೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಪುಟ್ಟ ಗ್ರಂಥಿಗೆ ಹೋಗಿ ಬೆಳೆಯುತ್ತವೆ. ಥೈಮಸ್ ಅವುಗಳ ಶಾಲೆ ಎನ್ನಬಹುದು. ಅಲ್ಲಿ ದೇಹದ ಸ್ವಂತ ವಸ್ತುಗಳ ಮಾದರಿಗಳನ್ನು ತೋರಿಸಿ ಪರೀಕ್ಷೆ ನಡೆಯುತ್ತದೆ. ಸ್ವಂತದ್ದರ ಮೇಲೆ ಬಲವಾಗಿ ಎರಗುವ ಕೋಶಗಳನ್ನು ಅಲ್ಲಿಯೇ ಕೊನೆಗಾಣಿಸಲಾಗುತ್ತದೆ. ಬಹುಪಾಲು ಕೋಶಗಳು ಈ ಪರೀಕ್ಷೆಗಳಲ್ಲಿ ಉತ್ತೀರ್ಣವಾಗುವುದೇ ಇಲ್ಲ. ನಮ್ಮ ಬೋರ್ಡು ಇಷ್ಟು ಕಠಿಣವಾಗಿದ್ದರೆ ಯಾವ ಶಾಲೆಯ ಫಲಿತಾಂಶವೂ ಪತ್ರಿಕೆಯಲ್ಲಿ ಬರುತ್ತಿರಲಿಲ್ಲ!

ಆದರೂ ಕೆಲವು ಕೋಶಗಳು ತಪ್ಪಿಸಿಕೊಂಡು ಹೊರಗೆ ಬರುತ್ತವೆ. ಇಲ್ಲಿ ನನಗೆ ಬಹಳ ಆಶ್ಚರ್ಯ ತಂದ ಸಂಗತಿಯೊಂದಿದೆ. ಇಂಥ ಕೋಶಗಳು ರೋಗಿಗಳಲ್ಲಿ ಮಾತ್ರ ಇರುತ್ತವೆ ಎಂದು ನಾನು ಭಾವಿಸಿದ್ದೆ. ಹಾಗಲ್ಲ. 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಬೀಟಾ ಕೋಶಗಳನ್ನು ಗುರುತಿಸುವ ಒಂದು ಬಗೆಯ ಟಿ-ಕೋಶಗಳನ್ನು ಎಣಿಸಿ ನೋಡಿದರು. ಟೈಪ್ 1 ಮಧುಮೇಹಿಗಳ ರಕ್ತದಲ್ಲಿಯೂ ಆರೋಗ್ಯವಂತರ ರಕ್ತದಲ್ಲಿಯೂ ಅವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ವ್ಯತ್ಯಾಸ ಕಂಡದ್ದು ಮೇದೋಜೀರಕ ಗ್ರಂಥಿಯಲ್ಲಿ. ರೋಗಿಗಳಲ್ಲಿ ಅವು ಅಲ್ಲಿಗೆ ಹೋಗಿ ಸೇರಿದ್ದವು. ಅಂದರೆ ಇಲ್ಲಿ ಕುಳಿತಿರುವ ನಿಮ್ಮ ರಕ್ತದಲ್ಲಿಯೂ, ನನ್ನ ರಕ್ತದಲ್ಲಿಯೂ, ಆ ರಿಷ್ತಾ ಮುರಿದವರ ರಕ್ತದಲ್ಲಿಯೂ ಈ ಕೋಶಗಳು ಓಡಾಡುತ್ತಿವೆ.

ಹಾಗಾದರೆ ನಮಗೇಕೆ ಕಾಯಿಲೆ ಇಲ್ಲ? ತಡೆಯುವ ಕೋಶಗಳೂ ಇರುವುದರಿಂದ. ಇದನ್ನು ತೋರಿಸಿಕೊಟ್ಟವರಲ್ಲಿ ಮೊದಲಿಗರು ಜಪಾನಿನ ಶಿಮೋನ್ ಸಕಾಗುಚಿ. ಹುಟ್ಟಿ ಮೂರು ದಿನವಾದ ಇಲಿಮರಿಗಳ ಥೈಮಸ್ ತೆಗೆದರೆ ಅವುಗಳ ದೇಹ ತನ್ನ ಮೇಲೆ ತಾನೇ ದಾಳಿ ಮಾಡುತ್ತಿತ್ತು. ಆರೋಗ್ಯವಂತ ಇಲಿಯ ಟಿ-ಕೋಶಗಳನ್ನು ಕೊಟ್ಟರೆ ದಾಳಿ ನಿಲ್ಲುತ್ತಿತ್ತು. ತಡೆಯುವ ಆ ವಿಶೇಷ ಕೋಶಗಳು ಯಾವುವು ಎಂಬುದನ್ನು ಅವರು 1995ರಲ್ಲಿ ಗುರುತಿಸಿದರು. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರು ಫಾಕ್ಸ್‌ಪಿ3 ಎಂಬ ವಂಶವಾಹಿಯನ್ನು ಕಂಡುಹಿಡಿದರು. ಈ ಕೋಶಗಳು ಬೆಳೆಯುವುದು ಅದರ ಹಿಡಿತದಲ್ಲಿಯೇ ಎಂದು ಎರಡು ವರ್ಷಗಳಲ್ಲಿ ತಿಳಿಯಿತು. ಈ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ಬಂದಿತು.

ಫಾಕ್ಸ್‌ಪಿ3 ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಐಪೆಕ್ಸ್ ಎಂಬ ಬಲು ಅಪರೂಪದ ಕಾಯಿಲೆ ಇದೆ. ಗಂಡುಮಕ್ಕಳಿಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ಮಧುಮೇಹ, ತೀವ್ರ ಭೇದಿ, ಚರ್ಮದ ಉರಿ ಎಲ್ಲವೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಈ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ದೋಷ ಹೆಚ್ಚಾಗಿ ತಾಯಿಯಿಂದ ಬಂದಿರುತ್ತದೆ, ಆದರೆ ಆ ತಾಯಿ ಆರೋಗ್ಯವಾಗಿರುತ್ತಾಳೆ. ಅವಳಲ್ಲಿ ಎರಡು ಎಕ್ಸ್ ಇವೆ. ಅವಳ ತಡೆಯುವ ಕೋಶಗಳನ್ನು ಪರೀಕ್ಷಿಸಿದರೆ, ಸರಿಯಾದ ಎಕ್ಸ್ ಬಳಸುವ ಕೋಶಗಳೇ ಅಲ್ಲಿ ಉಳಿದು ಕೆಲಸ ಮಾಡುತ್ತಿರುತ್ತವೆ. ಅದೇ ದೋಷ, ಅದೇ ರಕ್ತಸಂಬಂಧ. ಒಬ್ಬರಲ್ಲಿ ಕಾಯಿಲೆ, ಇನ್ನೊಬ್ಬರಲ್ಲಿ ಇಲ್ಲ.

ನಮ್ಮ ಹುಡುಗಿಗೆ ಬಂದ ಟೈಪ್ 1 ಹೀಗೆ ಒಂದೇ ವಂಶವಾಹಿಯ ದೋಷದಿಂದ ಬಂದದ್ದಲ್ಲ. ಹತ್ತಾರು ವಂಶವಾಹಿಗಳು ಅದರಲ್ಲಿ ಪಾಲುಗೊಳ್ಳುತ್ತವೆ. ಈ ರೋಗಿಗಳಲ್ಲಿ ತಡೆಯುವ ಕೋಶಗಳ ಸಂಖ್ಯೆ ಕಡಿಮೆಯಿರುತ್ತದೆ ಎಂದು ಮೊದಲು ಊಹಿಸಿದ್ದರು. 2005ರಲ್ಲಿ ನಡೆದ ಪರೀಕ್ಷೆಗಳಲ್ಲಿ ಸಂಖ್ಯೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ತಡೆಯುವ ಸಾಮರ್ಥ್ಯದಲ್ಲಿ ಕಂಡಿತು. ಮೇಷ್ಟರು ತರಗತಿಯಲ್ಲಿದ್ದಾರೆ, ಆದರೆ ಮಕ್ಕಳು ಮಾತು ಕೇಳುತ್ತಿಲ್ಲ. ಆ ಸ್ಥಿತಿ ನಮಗೆಲ್ಲ ಗೊತ್ತೇ ಇದೆ.

ಈಗ ಒಡಹುಟ್ಟಿದವರ ಲೆಕ್ಕ. ಟೈಪ್ 1 ಬರುವ ಸಾಧ್ಯತೆಯನ್ನು ಅತಿ ಹೆಚ್ಚು ನಿರ್ಧರಿಸುವುದು ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪು. ಟಿ-ಕೋಶಗಳಿಗೆ ಮಾದರಿಗಳನ್ನು ಹಿಡಿದು ತೋರಿಸುವ ಕೆಲಸ ಇವುಗಳದು. ಪ್ರತಿ ಮಗುವಿಗೆ ತಾಯಿಯಿಂದ ಒಂದು ಗುಂಪು, ತಂದೆಯಿಂದ ಒಂದು ಗುಂಪು ಬರುತ್ತದೆ. ಆದ್ದರಿಂದ ಅಕ್ಕ ತಂಗಿಯರಲ್ಲಿ ಎರಡೂ ಗುಂಪು ಒಂದೇ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಒಂದು ಮಾತ್ರ ಒಂದೇ ಆಗಿರುವ ಸಾಧ್ಯತೆ ಅರ್ಧ, ಒಂದೂ ಹೊಂದದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಯಾರ ಖಾಂದಾನು ಎಂದು ಜಗಳವಾಡುವ ದಾದಿಯವರಿಗೆ ಇದಕ್ಕಿಂತ ಚೆನ್ನಾದ ಉತ್ತರ ನನಗೆ ತಿಳಿಯದು. ಸಾಧಾರಣವಾಗಿ ಎರಡೂ ಕಡೆಯಿಂದ ಬಂದಿರುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ಎಣಿಸಿದ ಪ್ರಕಾರ, ಸಾಮಾನ್ಯ ಮಗುವಿಗೆ ಟೈಪ್ 1 ಬರುವ ಸಾಧ್ಯತೆ ಸಾವಿರಕ್ಕೆ ನಾಲ್ಕರಷ್ಟು. ಅಕ್ಕನಿಗೋ ಅಣ್ಣನಿಗೋ ಇದ್ದರೆ ನೂರಕ್ಕೆ ಐದರಷ್ಟು. ಹತ್ತು ಪಟ್ಟಿಗೂ ಹೆಚ್ಚು ಎಂದು ಹೆದರಬಹುದು. ನೂರಕ್ಕೆ ತೊಂಬತ್ತೈದು ಒಡಹುಟ್ಟಿದವರಿಗೆ ಬರುವುದಿಲ್ಲ ಎಂದೂ ಓದಬಹುದು. ಎರಡೂ ಒಂದೇ ಅಂಕಿ. ಒಂದೇ ಅಂಡದಿಂದ ಹುಟ್ಟಿ, ಎಲ್ಲ ವಂಶವಾಹಿಗಳನ್ನೂ ಹಂಚಿಕೊಂಡ ಅವಳಿಗಳಲ್ಲಿ ಕೂಡ, ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ನೂರಕ್ಕೆ 30ರಿಂದ 50. ಬಹಳ ವರ್ಷ ಕಾದು ನೋಡಿದರೆ ಇದು ಇನ್ನೂ ಏರುತ್ತದೆ. ಇನ್ನೊಂದು ಕಡೆಯಿಂದ ನೋಡಿ: ಹೊಸದಾಗಿ ಟೈಪ್ 1 ಬಂದವರಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಮಂದಿಯ ಹತ್ತಿರದ ಸಂಬಂಧಿಕರಲ್ಲಿ ಈ ಕಾಯಿಲೆ ಇರುವುದೇ ಇಲ್ಲ. ರಿಷ್ತಾ ನೋಡುವಾಗ ಖಾಂದಾನು ಶೋಧಿಸಿ ಇದನ್ನು ತಪ್ಪಿಸಿಕೊಳ್ಳುತ್ತೇವೆ ಎನ್ನುವವರು ಆ 85 ಮಂದಿಯ ಲೆಕ್ಕ ಹೇಗೆ ಮಾಡುತ್ತಾರೋ!

ನಮ್ಮ ರಾಜ್ಯದಲ್ಲಿಯೂ ಲೆಕ್ಕ ಇಟ್ಟಿದ್ದಾರೆ. ಕರ್ನಾಟಕ ಮಧುಮೇಹ ದಾಖಲಾತಿಯಲ್ಲಿ 1995ರಿಂದ 2008ರವರೆಗಿನ ಮಾಹಿತಿಯಂತೆ ಟೈಪ್ 1 ಲಕ್ಷಕ್ಕೆ ಗಂಡುಮಕ್ಕಳಲ್ಲಿ 3.7, ಹೆಣ್ಣುಮಕ್ಕಳಲ್ಲಿ 4.0 ಕಂಡುಬಂದಿತ್ತು. ಡಾ. ಕೆ.ಎಂ. ಪ್ರಸನ್ನಕುಮಾರ್ ಮತ್ತು ಸಂಗಡಿಗರು ಪ್ರಕಟಿಸಿದ ಅಂಕಿ ಇದು. ಸಂಖ್ಯೆ ಚಿಕ್ಕದು. ಆದ್ದರಿಂದಲೇ ಹಳ್ಳಿಯಲ್ಲಿ ಇಂಥ ಮಗು ಬಂದರೆ ನಮ್ಮ ಯಾರ ತಲೆಗೂ ಇದು ಹೊಳೆಯುವುದಿಲ್ಲ.

ಬೆಂಗಳೂರಿನ ಇನ್ನೊಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು. ಡಾ. ಎಸ್. ಶ್ರೀಕಾಂತ ಅವರು 1980ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನ ಜೋಸ್ಲಿನ್ ಮಧುಮೇಹ ಕೇಂದ್ರದಲ್ಲಿ ಜಾರ್ಜ್ ಐಸೆನ್‌ಬಾರ್ತ್ ಮೊದಲಾದವರೊಂದಿಗೆ ಸಂಶೋಧನೆಯಲ್ಲಿದ್ದರು. ಆಗ ಇದು ಒಂದು ವಾರದಲ್ಲಿ, ಒಂದು ಜ್ವರದ ಬೆನ್ನಿಗೆ ಹಠಾತ್ತನೆ ಬರುವ ಕಾಯಿಲೆ ಎಂದೇ ಬಹಳ ಜನ ತಿಳಿದಿದ್ದರು. ಒಬ್ಬರಿಗೆ ಮಾತ್ರ ಕಾಯಿಲೆ ಬಂದಿದ್ದ ಅವಳಿ, ತ್ರಿವಳಿ ಒಡಹುಟ್ಟಿದವರನ್ನು ಆ ತಂಡ ವರ್ಷಗಟ್ಟಲೆ ಗಮನಿಸಿತು. ಮುಂದೆ ಕಾಯಿಲೆ ಬಂದವರ ರಕ್ತದಲ್ಲಿ, ಸಕ್ಕರೆ ಏರುವುದಕ್ಕೆ ಎಷ್ಟೋ ವರ್ಷ ಮೊದಲೇ, ಬೀಟಾ ಕೋಶಗಳ ವಿರುದ್ಧದ ಪ್ರತಿಕಾಯಗಳು ಇದ್ದವು. ಇನ್ಸುಲಿನ್ ಸ್ರವಿಸುವ ಶಕ್ತಿ ನಿಧಾನವಾಗಿ ಇಳಿಯುತ್ತ ಬಂದಿತ್ತು. 1983ರಲ್ಲಿ ಅವಳಿಗಳ ಬಗ್ಗೆ, 1985ರಲ್ಲಿ ರೋಗಿಗಳ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳ ಬಗ್ಗೆ ಅವರ ಲೇಖನಗಳು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದವು. ಅನಂತರ ಶ್ರೀಕಾಂತರು ಬೆಂಗಳೂರಿಗೆ ಮರಳಿ ಜ್ಞಾನ ಸಂಜೀವಿನಿ ಮತ್ತು ಸಮತ್ವಂ ಸಂಸ್ಥೆಗಳ ಮೂಲಕ ಮಧುಮೇಹಿಗಳ ಸೇವೆಯಲ್ಲಿ ತೊಡಗಿದರು. ಇಡೀ ಜಗತ್ತು ಇಂದು ಒಪ್ಪಿರುವ ಒಂದು ತಿಳಿವಳಿಕೆಯ ಹಿಂದೆ ಹೀಗೆ ಬೆಂಗಳೂರಿನ ವೈದ್ಯರ ದುಡಿಮೆಯೂ ಇದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಕಾಯಿಲೆಗೆ ಹೀಗೆ ವರ್ಷಗಟ್ಟಲೆಯ ಮೌನದ ಕಾಲವಿದೆ ಎಂದು ತಿಳಿದ ಮೇಲೆ, ಆ ಕಾಲದಲ್ಲಿಯೇ ತಡೆಯಬಹುದೇ ಎಂಬ ಪ್ರಶ್ನೆ ಬಂದಿತು. ಇದಕ್ಕೆ ಮುಂದೆ ಬಂದವರು ಸಂಬಂಧಿಕರೇ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇನ್ನೂ ಕಾಯಿಲೆ ಬಾರದ, ಆದರೆ ರಕ್ತದಲ್ಲಿ ಪ್ರತಿಕಾಯಗಳಿದ್ದು ಸಕ್ಕರೆಯ ಏರುಪೇರು ಶುರುವಾಗಿದ್ದ 76 ಮಂದಿ ಸೇರಿದರು. ಎಲ್ಲರೂ ಟೈಪ್ 1 ರೋಗಿಗಳ ಸಂಬಂಧಿಕರು, ಹೆಚ್ಚಿನವರು 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರು. 44 ಮಂದಿಗೆ 14 ದಿನ ಟೆಪ್ಲಿಜುಮಾಬ್ ಎಂಬ ಔಷಧ ಕೊಟ್ಟರು, 32 ಮಂದಿಗೆ ಔಷಧವಿಲ್ಲದ ದ್ರವ. ಈ ಔಷಧ ಟಿ-ಕೋಶಗಳನ್ನು ಹಿಡಿದು ಅವುಗಳ ದಾಳಿಯ ಕಾವನ್ನು ಇಳಿಸುತ್ತದೆ. ಔಷಧ ಪಡೆದವರಲ್ಲಿ ಕಾಯಿಲೆ ಸುಮಾರು ಎರಡು ವರ್ಷ ತಡವಾಗಿ ಬಂದಿತು. 2022ರ ನವೆಂಬರಿನಲ್ಲಿ ಅಮೆರಿಕ ಅದಕ್ಕೆ ಮಂಜೂರಾತಿ ನೀಡಿತು. ಅಲ್ಲಿ ನಿಗದಿಯಾದ ಬೆಲೆ ಎರಡು ಲಕ್ಷ ಡಾಲರಿಗೆ ಸ್ವಲ್ಪ ಕಡಿಮೆ. ಬಲಸಮುದ್ರದ ಯಾರ ಕೈಗೂ ಎಟುಕುವ ಮಾತಲ್ಲ. ಎರಡು ವರ್ಷ ಅಷ್ಟೇ ತಾನೇ ಎಂದು ನನಗೂ ಮೊದಲು ಅನ್ನಿಸಿತ್ತು. ಆರು ವರ್ಷದ ಮಗುವಿನ ಕೈಗೆ ಸೂಜಿ ಕೊಡುವುದಕ್ಕೂ ಎಂಟು ವರ್ಷದ ಮಗುವಿನ ಕೈಗೆ ಕೊಡುವುದಕ್ಕೂ ಏನು ವ್ಯತ್ಯಾಸವೆಂದು ಆ ಮನೆಯ ತಾಯಿಯನ್ನು ಕಂಡ ಮೇಲೆ ಹಾಗೆ ಅನ್ನಿಸಲಿಲ್ಲ.

ನಮ್ಮ ಕೈಗೆ ಎಟುಕುವುದು ಯಾವುದು? ಬೆರಳಿನ ಒಂದು ಹನಿ ರಕ್ತ. ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲವೇ ನಿಮಿಷದ ಕೆಲಸ. ಮಗು ಹೆಚ್ಚು ನೀರು ಕುಡಿಯುತ್ತಿದೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆ, ಚೆನ್ನಾಗಿ ತಿಂದರೂ ಸೊರಗುತ್ತಿದೆ ಎಂದರೆ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಿ, ನಾಳೆ ಎನ್ನಬೇಡಿ. ಇನ್ಸುಲಿನ್ ಇಲ್ಲದಾಗ ದೇಹ ಕೊಬ್ಬನ್ನು ಕರಗಿಸಿ ಬಳಸುತ್ತದೆ, ರಕ್ತ ಆಮ್ಲವಾಗುತ್ತದೆ. ವಾಂತಿ, ಹೊಟ್ಟೆನೋವು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ, ಏದುಸಿರು ಬಂದರೆ ಗಂಟೆಗಳ ಲೆಕ್ಕ. ದುವಾ ಮಾಡಿ, ದಮ್ ಮಾಡಿಸಿ, ನಾನು ಬೇಡವೆನ್ನುವುದಿಲ್ಲ. ಆದರೆ ಅದನ್ನು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಾಡಿ. ಔಷಧ ಮಾಡಿಕೊಳ್ಳಿ ಎಂದು ಕಲಿಸಿದ ದೀನ್ ನಮ್ಮದು.

ಇನ್ಸುಲಿನ್ ನಿಲ್ಲಿಸಿ ನಾಟಿ ಔಷಧದಲ್ಲಿ ಗುಣಪಡಿಸುತ್ತೇನೆ ಎನ್ನುವವರು ನಮ್ಮ ಕಡೆ ಸಂತೆಸಂತೆಗೂ ಸಿಗುತ್ತಾರೆ. 1922ರ ಜನವರಿಯಲ್ಲಿ ಕೆನಡಾದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆ ಬಂದ ಮಕ್ಕಳು ತಿಂಗಳುಗಳಲ್ಲೋ ಒಂದೆರಡು ವರ್ಷಗಳಲ್ಲೋ ತೀರಿಕೊಳ್ಳುತ್ತಿದ್ದರು. ನಿಲ್ಲಿಸಿದರೆ ಮರಳಿ ಅಲ್ಲಿಗೇ ಹೋಗುತ್ತೇವೆ. ಫ್ರಿಜ್ ಇಲ್ಲ ಎಂಬ ಚಿಂತೆ ಬೇಡ. ಮಣ್ಣಿನ ಮಡಕೆಯಲ್ಲಿ ನೀರಿಟ್ಟು, ನೀರು ತಾಗದಂತೆ ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಬಾಟಲಿ ಇಟ್ಟು, ನೆರಳಿನಲ್ಲಿ ಗಾಳಿಯಾಡುವ ಕಡೆ ಇಟ್ಟರೆ ನಮ್ಮ ಬಿಸಿಲಿನಲ್ಲಿಯೂ ತಂಪಾಗಿರುತ್ತದೆ. ರಂಝಾನ್ ಬಗ್ಗೆ ತಾಯಂದಿರು ಕೇಳುತ್ತಾರೆ. ಕಾಯಿಲೆಯವರಿಗೆ ರೋಜಾದಿಂದ ರಿಯಾಯಿತಿ ಇದೆ ಎಂಬುದು ನಿಮಗೆ ಗೊತ್ತೇ ಇದೆ. ಚಿಕ್ಕ ಮಕ್ಕಳ ಮೇಲಂತೂ ಫರ್ಜ್ ಅಲ್ಲ. ಟೈಪ್ 1 ಇರುವವರಿಗೆ ಉಪವಾಸ ಹೆಚ್ಚು ಅಪಾಯದ್ದು ಎಂದೇ ವೈದ್ಯರು ಎಣಿಸುತ್ತಾರೆ. ಬೆಳೆದ ಮಕ್ಕಳು ಹಟ ಹಿಡಿದರೆ ಮೊದಲು ವೈದ್ಯರನ್ನು ಕೇಳಿ, ಆಮೇಲೆ ಮೌಲಾನಾ ಅವರನ್ನು ಕೇಳಿ.

ಶಿಕ್ಷಕ ಮಿತ್ರರಿಗೆ ಒಂದು ಮಾತು. ಇಂಥ ಮಗು ತರಗತಿಯಲ್ಲಿದ್ದರೆ ಮೂತ್ರಕ್ಕೆ ಬಿಡಿ, ನೀರು ಕುಡಿಯಲು ಬಿಡಿ. ಬೆವರಿ ನಡುಗಿದರೆ ಸಕ್ಕರೆ ಇಳಿದಿದೆ ಎಂದರ್ಥ. ತಕ್ಷಣ ಸಕ್ಕರೆ ಅಥವಾ ಬೆಲ್ಲ ಬಾಯಿಗೆ ಹಾಕಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸಿಬಿಎಸ್‌ಇ ಬೋರ್ಡು 2017ರಲ್ಲಿಯೇ ಈ ಮಕ್ಕಳು ಪರೀಕ್ಷಾ ಕೊಠಡಿಗೆ ತಿನಿಸು ತೆಗೆದುಕೊಂಡು ಹೋಗಲು ಅನುಮತಿ ಕೊಟ್ಟಿತು. ನನ್ನ ಮೇಜಿನ ಖಾನೆಯಲ್ಲಿ ಆ ಹುಡುಗಿಗಾಗಿ ಇಟ್ಟಿದ್ದ ಗ್ಲೂಕೋಸ್ ಬಿಸ್ಕತ್ತಿನ ಪ್ಯಾಕೆಟ್ಟನ್ನು ಬೇರೆ ಮಕ್ಕಳು ಎರಡು ಸಲ ಖಾಲಿ ಮಾಡಿದ್ದೂ ಉಂಟು.

ಆ ತಂದೆಗೆ ನಾನು ಇದನ್ನೆಲ್ಲ ಒಂದೇ ದಿನದಲ್ಲಿ ಹೇಳಲಿಲ್ಲ. ಗೊತ್ತಾದಷ್ಟನ್ನು ಗೊತ್ತಾದಾಗ ಹೇಳುತ್ತ ಬಂದೆ. ಚಿಕ್ಕವಳ ಪ್ರತಿಕಾಯ ಪರೀಕ್ಷೆ ಮಾಡಿಸಬೇಕೇ ಎಂದು ಅವರು ಕೇಳಿದರು. ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯ ಕಂಡ ಮಕ್ಕಳಲ್ಲಿ ಹತ್ತು ವರ್ಷದೊಳಗೆ ನೂರಕ್ಕೆ ಸುಮಾರು 70 ಮಂದಿಗೆ ಕಾಯಿಲೆ ಬಂದಿದೆ ಎಂಬುದನ್ನು ಮುಚ್ಚಿಡದೆ ಹೇಳಿದೆ. ಮೊದಲೇ ತಿಳಿದಿದ್ದ ಮನೆಗಳಲ್ಲಿ ಮಗು ಪ್ರಜ್ಞೆ ತಪ್ಪುವ ಹಂತಕ್ಕೆ ಹೋಗುವುದು ಬಹಳ ಕಡಿಮೆ ಎಂಬುದನ್ನೂ ಹೇಳಿದೆ. ತಾಯಿ ಬೇಡವೆಂದರು. ಪ್ರತಿ ದಿನ ಅವಳ ಮುಖ ನೋಡಿ ಹೆದರುವ ಶಕ್ತಿ ತನಗಿಲ್ಲ ಎಂದರು. ಅದು ಅವರ ತೀರ್ಮಾನ, ಅದರಲ್ಲಿ ತಪ್ಪು ಹುಡುಕುವ ಹಕ್ಕು ನನಗಿಲ್ಲ. ಆದರೆ ಮನೆಯಲ್ಲಿ ಗ್ಲುಕೋಮೀಟರ್ ಹೇಗೂ ಇದೆ. ಚಿಕ್ಕವಳು ಹೆಚ್ಚು ನೀರು ಕೇಳಿದ ದಿನ ಅವಳ ಬೆರಳನ್ನೂ ಚುಚ್ಚಿ ನೋಡುತ್ತಾರೆ.

ಆಪಾಗೆ ಇಂಜೆಕ್ಷನ್ ತೆಗೆದುಕೊಳ್ಳಲು ರಾತ್ರಿ ನೆನಪಿಸುವವಳು ಈಗ ಆ ಚಿಕ್ಕವಳೇ. ಮಡಕೆಗೆ ನೀರು ತುಂಬುವ ಕೆಲಸ ಮಾತ್ರ ದಾದಿಯವರದು. ಬೇರೆಯವರು ಮುಟ್ಟಿದರೆ ಬೈಯುತ್ತಾರೆ.